ಪೋಕರ್ ಬೇಸರವಾದಾಗ ಯಾವ ಮಾದರಿಗೆ ಹೊರಳಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳೆಲ್ಲ ಆನ್‌ಲೈನ್ ಪೋಕರ್‌ಗೆ ಸಂಬಂಧಿಸಿದವು. ಒಂದೇ ಬಗೆಯ ಆಟವನ್ನು ಬಹುಕಾಲ ಆಡಿ ಬೇಸತ್ತವರು ಇನ್ನೊಂದು ಬಗೆಗೆ ಹೊರಳಬೇಕೇ, ಹೊರಳಿದರೆ ಏನಾಗುತ್ತದೆ ಎಂಬುದೇ ಅವುಗಳ ತಿರುಳು. ಹಣ ಕಟ್ಟಿ ಆಡುವುದನ್ನು ಎಲ್ಲ ದೇಶಗಳ ಕಾನೂನೂ ಒಪ್ಪುವುದಿಲ್ಲ. ಒಪ್ಪದ ಕಡೆ ಇರುವವರು ಇಲ್ಲಿನ ಮಾತುಗಳನ್ನು ಹಣವಿಲ್ಲದ ಚಿಪ್‌ಗಳ ಆಟಕ್ಕೆ ಅನ್ವಯಿಸಿಕೊಳ್ಳಬಹುದು. ಇಲ್ಲಿ ಹೆಚ್ಚಾಗಿ ಬರುವ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರ ಕೈಗೆ ಎರಡು ಎಲೆ, ಟೇಬಲ್ ಮಧ್ಯೆ ಎಲ್ಲರಿಗೂ ಸೇರಿದ ಐದು ಎಲೆ; ನೋ-ಲಿಮಿಟ್ ಎಂದರೆ ಬೆಟ್‌ಗೆ ಮಿತಿಯಿಲ್ಲ, ಕ್ಯಾಶ್ ಎಂದರೆ ಬೇಕಾದಾಗ ಕೂತು ಬೇಕಾದಾಗ ಏಳುವ ಆಟ.

ಪ್ರಶ್ನೆ: ಕೆಲವು ವರ್ಷಗಳಿಂದ ಆರು ಮಂದಿಯ ನೋ-ಲಿಮಿಟ್ ಹೋಲ್ಡೆಮ್ ಕ್ಯಾಶ್ ಟೇಬಲ್‌ಗಳಲ್ಲಿ ಮಾತ್ರ ಆಡುತ್ತಿದ್ದೇನೆ. ಸೋಲುತ್ತಿಲ್ಲ, ಅಲ್ಪಸ್ವಲ್ಪ ಲಾಭವೇ ಇದೆ. ಆದರೆ ಈಚೆಗೆ ಕುಳಿತ ಅರ್ಧ ಗಂಟೆಗೇ ಆಕಳಿಕೆ ಶುರುವಾಗುತ್ತದೆ. ಸುಮ್ಮನೆ ಏನಾದರೂ ನಡೆಯಲಿ ಎಂದು ಆಡಬಾರದ ಎಲೆಗಳನ್ನೂ ಆಡಿಬಿಡುತ್ತೇನೆ. ಬೇರೆ ಮಾದರಿಗೆ ಹೋದರೆ ಉತ್ಸಾಹ ಮರಳಬಹುದೇ? ಹೋಗುವುದಾದರೆ ಯಾವುದಕ್ಕೆ?

ಉತ್ತರ: ಮರಳಬಹುದು. ಆದರೆ ನಿಮಗೆ ಬಂದಿರುವುದು ಯಾವ ಬೇಸರ ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು. ಪೋಕರ್ ಆಡುವವರು ‘ಬೋರ್ ಆಗುತ್ತಿದೆ’ ಎನ್ನುವಾಗ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳನ್ನು ಆ ಒಂದೇ ಮಾತಿನಲ್ಲಿ ಹೇಳುತ್ತಿರುತ್ತಾರೆ, ಮತ್ತು ಒಂದಕ್ಕೆ ಹೊಂದುವ ಪರಿಹಾರ ಇನ್ನೊಂದನ್ನು ಹೆಚ್ಚಿಸುವುದೂ ಉಂಟು.

ಮೊದಲನೆಯದು ಕಾಯುವ ಬೇಸರ. ಆರು ಮಂದಿಯ ಟೇಬಲ್‌ನಲ್ಲಿ ಶಿಸ್ತಿನಿಂದ ಆಡುವವರು ತಮಗೆ ಬಂದ ಎಲೆಗಳಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಆಡುತ್ತಾರೆ, ಉಳಿದದ್ದನ್ನು ಫೋಲ್ಡ್ ಮಾಡುತ್ತಾರೆ, ಅಂದರೆ ಬಿಟ್ಟುಕೊಡುತ್ತಾರೆ. ಒಂದು ಟೇಬಲ್‌ನಲ್ಲಿ ಗಂಟೆಗೆ 70ರಿಂದ 80 ಹ್ಯಾಂಡ್‌ಗಳು (ಎಲೆ ಹಂಚುವ ಸುತ್ತುಗಳು) ಸಾಗುತ್ತವೆ ಎಂದುಕೊಂಡರೆ ನೀವು ಕೈಯಾಡಿಸುವುದು ಇಪ್ಪತ್ತರ ಆಸುಪಾಸಿನಲ್ಲಿ. ಅವುಗಳಲ್ಲಿಯೂ ಹೆಚ್ಚಿನವು ಫ್ಲಾಪ್‌ಗೆ (ಟೇಬಲ್‌ನಲ್ಲಿ ತೆರೆಯುವ ಮೊದಲ ಮೂರು ಎಲೆಗಳು) ಮೊದಲೋ ಫ್ಲಾಪ್‌ನಲ್ಲೋ ಮುಗಿದುಹೋಗುತ್ತವೆ. ನಿಜವಾಗಿ ತಲೆ ಓಡಿಸಬೇಕಾದ ಸಂದರ್ಭಗಳು ಗಂಟೆಗೆ ಬೆರಳೆಣಿಕೆಯಷ್ಟು. ನೀವು ಬರೆದಿರುವ ಲಕ್ಷಣ, ಅಂದರೆ ಆಡಬಾರದ ಎಲೆಗಳನ್ನು ಆಡಿಬಿಡುವುದು, ಸಾಮಾನ್ಯವಾಗಿ ಈ ಬೇಸರದ್ದೇ. ಇದಕ್ಕೆ ಕಡಿಮೆ ಜನರ ಆಟ ಒಳ್ಳೆಯದು. ಇಬ್ಬರೇ ಆಡುವ ಹೆಡ್ಸ್-ಅಪ್‌ನಲ್ಲಿ ಬಟನ್ (ಎಲೆ ಹಂಚುವವರ ಸ್ಥಾನ) ಇರುವಾಗ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಹ್ಯಾಂಡ್‌ಗಳನ್ನು ಆಡುವುದು ಸರಿಯಾದ ಆಟವೇ ಹೊರತು ಉಡಾಫೆಯಲ್ಲ. ಕಾಯುವುದಕ್ಕೆ ಅಲ್ಲಿ ಅವಕಾಶವೇ ಇಲ್ಲ.

ಫೋಲ್ಡ್ ಮಾಡಿದ ಕ್ಷಣವೇ ಹೊಸ ಟೇಬಲ್‌ಗೆ ಕೂರಿಸುವ ವೇಗದ ಮಾದರಿಯನ್ನೂ ಹಲವರು ಇದಕ್ಕೆ ಮದ್ದಾಗಿ ಹೇಳುತ್ತಾರೆ. 2010ರಲ್ಲಿ ‘ರಶ್ ಪೋಕರ್’ ಎಂಬ ಹೆಸರಿನಲ್ಲಿ ಬಂದು, 2012ರಲ್ಲಿ ‘ಝೂಮ್’ ಎಂಬ ಹೆಸರಿನಲ್ಲಿ ಇನ್ನಷ್ಟು ಹರಡಿದ ಈ ಮಾದರಿಯಲ್ಲಿ ಗಂಟೆಗೆ 200ಕ್ಕೂ ಹೆಚ್ಚು ಹ್ಯಾಂಡ್‌ಗಳು ಸಿಗುತ್ತವೆ. ಕಾಯುವ ಬೇಸರ ಹೋಗುವುದು ನಿಜ. ಆದರೆ ಎದುರಾಳಿ ಯಾರು, ಅವರು ಹಿಂದಿನ ಸುತ್ತಿನಲ್ಲಿ ಏನು ಮಾಡಿದರು ಎಂಬುದು ಉಳಿಯುವುದೇ ಇಲ್ಲ, ಏಕೆಂದರೆ ಪ್ರತಿ ಬಾರಿಯೂ ಮುಖಗಳು ಬದಲಾಗುತ್ತವೆ. ಮನುಷ್ಯರನ್ನು ಓದುವ ಭಾಗವನ್ನು ತೆಗೆದುಹಾಕಿದ ಮೇಲೆ ಉಳಿಯುವುದು ಪಟ್ಟಿಯನ್ನು ನೋಡಿ ಗುಂಡಿ ಒತ್ತುವ ಕೆಲಸ; ಅದು ಎರಡನೆಯ ಬೇಸರವನ್ನು ಬೇಗನೆ ತಂದಿಡುತ್ತದೆ.

ಆ ಎರಡನೆಯದು ತಿಳಿದುಬಿಟ್ಟ ಬೇಸರ. ಸಂದರ್ಭ ಬರುತ್ತದೆ, ಆದರೆ ಉತ್ತರ ಮೊದಲೇ ಗೊತ್ತಿರುತ್ತದೆ: ಇಲ್ಲಿ ಪಾಟ್‌ನ (ಪಣವಾಗಿ ಕೂಡಿದ ಮೊತ್ತದ) ಮೂರನೇ ಒಂದರಷ್ಟು ಬೆಟ್, ಅಲ್ಲಿ ಫೋಲ್ಡ್, ಮುಂದಿನದು. ಕುಶಲತೆಗಿಂತ ಸವಾಲು ಕಡಿಮೆಯಾದಾಗ ಬೇಸರವೂ, ಸವಾಲು ವಿಪರೀತವಾದಾಗ ಆತಂಕವೂ ಹುಟ್ಟುತ್ತದೆಂದು ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ 1970ರ ದಶಕದಲ್ಲೇ ವಿವರಿಸಿದ್ದರು. ಅನುಭವಿ ಹೋಲ್ಡೆಮ್ ಆಟಗಾರರ ಬೇಸರ ಬಹುಮಟ್ಟಿಗೆ ಈ ಜಾತಿಯದು. ಇದಕ್ಕೆ ವೇಗ ಮದ್ದಲ್ಲ, ಹೊಸ ನಿಯಮ ಮದ್ದು. ಬೆಟ್ ಪಾಟ್‌ನ ಮೊತ್ತವನ್ನು ಮೀರಬಾರದ ಪಾಟ್-ಲಿಮಿಟ್ ಓಮಹಾವನ್ನೇ ನೋಡಿ. ಹೋಲ್ಡೆಮ್‌ನಲ್ಲಿ ಕೈಗೆ ಬರುವ ಎರಡು ಎಲೆಗಳಿಗೆ 1,326 ಸಂಯೋಜನೆಗಳಿವೆ. ಓಮಹಾದ ನಾಲ್ಕು ಎಲೆಗಳಿಗೆ 2,70,725. ನಾಲ್ಕರಲ್ಲಿ ಎರಡನ್ನು, ಎರಡನ್ನು ಮಾತ್ರ, ಟೇಬಲ್‌ನ ಮೂರು ಎಲೆಗಳ ಜೊತೆ ಸೇರಿಸಬೇಕಾದ್ದರಿಂದ ನಿಮ್ಮ ಕೈಯಲ್ಲಿ ಒಂದರ ಬದಲು ಆರು ಜೋಡಿಗಳಿರುತ್ತವೆ. ಹೋಲ್ಡೆಮ್‌ನಲ್ಲಿ ಎಕ್ಕದ ಜೋಡಿ ರಾಜನ ಜೋಡಿಯ ಎದುರು ಶೇ. 82ರಷ್ಟು ಬಾರಿ ಗೆಲ್ಲುತ್ತದೆ. ಓಮಹಾದಲ್ಲಿ ಎಕ್ಕದ ಜೋಡಿಯ ಜೊತೆ ಎರಡು ನಿಷ್ಪ್ರಯೋಜಕ ಎಲೆಗಳಿದ್ದರೆ, ಎದುರಿನ ಎಂಟು-ಏಳು-ಆರು-ಐದರಂಥ ಸಾಲು ಎರಡು ಜಾತಿಗಳಲ್ಲಿ ಹೊಂದಿ ಬಂದಾಗ ಸ್ಪರ್ಧೆ ಸಮಬಲಕ್ಕೆ ಹತ್ತಿರವಾಗುತ್ತದೆ. ಇಷ್ಟು ದಿನ ಕಣ್ಣುಮುಚ್ಚಿ ಕೊಡುತ್ತಿದ್ದ ಉತ್ತರಗಳೆಲ್ಲ ಮತ್ತೆ ಪ್ರಶ್ನೆಗಳಾಗುವುದು ಹೀಗೆ.

ಮೂರನೆಯದು ಫಲಿತಾಂಶದ ಬೇಸರ. ಕ್ಯಾಶ್ ಆಟಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಇಂದಿನ ಹ್ಯಾಂಡ್ ನಿನ್ನೆಯದರ ಹಾಗೆಯೇ, ಲಾಭದ ಗೆರೆ ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ. ಹೀಗೆ ಅನ್ನಿಸುವವರಿಗೆ ಟೂರ್ನಮೆಂಟ್ ಹಿಡಿಸುತ್ತದೆ. ಎಲೆ ನೋಡುವ ಮೊದಲೇ ಇಬ್ಬರು ಕಟ್ಟಬೇಕಾದ ಬ್ಲೈಂಡ್ ಏರುತ್ತಿರುವುದರಿಂದ ನೂರಕ್ಕೂ ಹೆಚ್ಚು ಬಿಗ್ ಬ್ಲೈಂಡ್‌ಗಳಿಂದ (ಅವೆರಡರಲ್ಲಿ ದೊಡ್ಡದು) ಆರಂಭಿಸಿದವರು ಕೆಲವು ಗಂಟೆಗಳಲ್ಲಿ ಹದಿನೈದಕ್ಕೆ ಬಂದಿರುತ್ತಾರೆ. ಅದೇ ಎಲೆಗಳನ್ನು ಮೂರು ಘಟ್ಟಗಳಲ್ಲಿ ಮೂರು ರೀತಿ ಆಡಬೇಕಾಗುತ್ತದೆ. ಬಹುಮಾನದ ಗಡಿ ಸಮೀಪಿಸಿದಾಗ ಚಿಪ್‌ಗಳ ಬೆಲೆಯೇ ಬದಲಾಗುತ್ತದೆ.

ನಿಮಗೆ ನನ್ನ ಸಲಹೆ: ಮೊದಲು ಸಣ್ಣ ಬೈ-ಇನ್‌ನ (ಪ್ರವೇಶಕ್ಕೆ ಕಟ್ಟುವ ಹಣ) ಹೆಡ್ಸ್-ಅಪ್ ಸಿಟ್-ಅಂಡ್-ಗೋ, ಅಂದರೆ ಜನ ಸೇರಿದೊಡನೆ ಶುರುವಾಗುವ ಪುಟ್ಟ ಟೂರ್ನಮೆಂಟ್, ಆಡಿ ನೋಡಿ. ಅದರಲ್ಲಿ ಆಕಳಿಕೆ ನಿಂತರೆ ನಿಮ್ಮದು ಕಾಯುವ ಬೇಸರ. ನಿಲ್ಲದಿದ್ದರೆ ಓಮಹಾ ಕಡೆಗೆ ಹೋಗಿ. ಯಾವುದನ್ನೇ ಆರಿಸಿದರೂ ಅದು ಹೆಚ್ಚು ಯೋಚಿಸುವಂತೆ ಮಾಡುತ್ತಿದೆಯೇ, ಅಥವಾ ಸೋಲು-ಗೆಲುವನ್ನು ಬೇಗ ತೋರಿಸುತ್ತಿದೆಯೇ ಎಂದು ಕೇಳಿಕೊಳ್ಳಿ. ಮೊದಲನೆಯದಾದರೆ ಉತ್ಸಾಹ ನಿಲ್ಲುತ್ತದೆ. ಎರಡನೆಯದು ಹೆಚ್ಚು ದಿನ ಬಾಳುವುದಿಲ್ಲ. ಮುಂದಿನ ಪ್ರಶ್ನೆಯೇ ಅದಕ್ಕೆ ಸಾಕ್ಷಿ.

ಪ್ರಶ್ನೆ: ಬೇಸರ ಕಳೆಯಲೆಂದು ಚಕ್ರ ತಿರುಗಿ ಬಹುಮಾನ ನಿಗದಿಯಾಗುವ ಮೂವರ ಆಟಕ್ಕೆ ಹೋದೆ. ಮೊದಮೊದಲು ಮೈ ಜುಮ್ಮೆನ್ನುತ್ತಿತ್ತು. ಈಗ ಹೋಲ್ಡೆಮ್ ಕ್ಯಾಶ್‌ಗಿಂತಲೂ ಅದೇ ನೀರಸ. ಹೀಗೇಕೆ?

ಉತ್ತರ: ನಿಮ್ಮನ್ನು ಜುಮ್ಮೆನ್ನಿಸಿದ್ದು ಚಕ್ರ, ಎಲೆಗಳಲ್ಲ. 2014ರಲ್ಲಿ ‘ಸ್ಪಿನ್ ಅಂಡ್ ಗೋ’ ಎಂಬ ಹೆಸರಿನಿಂದ ಜನಪ್ರಿಯವಾದ ಈ ಮಾದರಿಯಲ್ಲಿ ದೊಡ್ಡ ಗುಣಕ ಅತ್ಯಪರೂಪ. ಬಹುತೇಕ ಸಲ ಬೀಳುವುದು ಅತಿ ಕಡಿಮೆಯದೇ, ಅಂದರೆ ಮೂವರು ಕಟ್ಟಿದ ಹಣಕ್ಕೆ ಬೈ-ಇನ್‌ನ ಎರಡು ಪಟ್ಟು ಬಹುಮಾನ. ಆಟ ಸಾಮಾನ್ಯವಾಗಿ 25 ಬಿಗ್ ಬ್ಲೈಂಡ್‌ಗಳಿಂದ ಶುರುವಾಗಿ, ಕೆಲವೇ ನಿಮಿಷಗಳಿಗೊಮ್ಮೆ ಬ್ಲೈಂಡ್ ಏರುವುದರಿಂದ, ಬೇಗನೆ ‘ಎಲ್ಲವನ್ನೂ ನೂಕು ಅಥವಾ ಬಿಡು’ ಎಂಬ ಹಂತಕ್ಕೆ ಇಳಿಯುತ್ತದೆ. ನಿರ್ಧಾರಗಳ ವೈವಿಧ್ಯ ಹೋಲ್ಡೆಮ್ ಕ್ಯಾಶ್‌ಗಿಂತ ಕಡಿಮೆಯಾಯಿತು, ಹೊಸತನವೆಲ್ಲ ಆರಂಭದ ಕೆಲವು ಸೆಕೆಂಡುಗಳಿಗೆ ಸೀಮಿತವಾಯಿತು. ಚಕ್ರಕ್ಕೆ ಕಣ್ಣು ಒಗ್ಗಿದ ಮೇಲೆ ಉಳಿದದ್ದು ಇಷ್ಟೇ.

ಈ ಮಾದರಿ ಕೆಲಸಕ್ಕೆ ಬಾರದ್ದು ಎಂದು ನಾನು ಹೇಳುವುದಿಲ್ಲ. ಕಡಿಮೆ ಚಿಪ್‌ಗಳಿರುವಾಗ ಯಾವ ಎಲೆಗಳನ್ನು ನೂಕಬೇಕು, ನೂಕಿದವರಿಗೆ ಯಾವುದರಿಂದ ಕಾಲ್ ಮಾಡಬೇಕು (ಅಷ್ಟೇ ಕಟ್ಟಿ ಎದುರಿಸಬೇಕು) ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ. ಅದನ್ನು ಕಲಿತು ಹೊರಬನ್ನಿ. ಅಲ್ಲೇ ಬೀಡು ಬಿಡಬೇಡಿ.

ಪ್ರಶ್ನೆ: ಮಾದರಿ ಬದಲಿಸುವಾಗ ಪಣವನ್ನು ಎಷ್ಟು ಇಳಿಸಬೇಕು? ಹೋಲ್ಡೆಮ್‌ಗೆ 40 ಬೈ-ಇನ್‌ಗಳ ಬ್ಯಾಂಕ್‌ರೋಲ್ (ಆಟಕ್ಕೆಂದೇ ತೆಗೆದಿಟ್ಟ ಹಣ) ಇಟ್ಟುಕೊಂಡಿದ್ದೇನೆ.

ಉತ್ತರ: ಆರು ಮಂದಿಯ ಹೋಲ್ಡೆಮ್ ಕ್ಯಾಶ್‌ಗೆ 30ರಿಂದ 50 ಬೈ-ಇನ್ ಎಂಬುದು ರೂಢಿಯ ಲೆಕ್ಕ, ನಿಮ್ಮದು ಅದರೊಳಗೇ ಇದೆ. ಪಾಟ್-ಲಿಮಿಟ್ ಓಮಹಾದಲ್ಲಿ ಏರಿಳಿತ ಹೆಚ್ಚಾದ್ದರಿಂದ 50ರಿಂದ 100, ದೊಡ್ಡ ಟೂರ್ನಮೆಂಟ್‌ಗಳಿಗೆ 100ರಿಂದ 200, ಸಾವಿರಾರು ಮಂದಿ ಸೇರುವಂಥವಕ್ಕೆ ಅದಕ್ಕೂ ಹೆಚ್ಚು ಬೇಕೆಂದು ಅನುಭವಿಗಳು ಹೇಳುತ್ತಾರೆ. ಆದರೆ ಈ ಅಂಕಿಗಳು ಆಯಾ ಮಾದರಿಯಲ್ಲಿ ಈಗಾಗಲೇ ಗೆಲ್ಲುತ್ತಿರುವವರಿಗಾಗಿ ಇರುವಂಥವು. ಹೊಸದಾಗಿ ಕಾಲಿಡುವವರು ಗೆಲ್ಲುವವರಲ್ಲ, ಕಲಿಯುವವರು, ಕಲಿಯುವವರು ಸೋಲುತ್ತಾರೆ. ಆದ್ದರಿಂದ ಈಗಿನ ಪಣದ ಕಾಲು ಭಾಗಕ್ಕೆ ಇಳಿಯಿರಿ, ಸಾಧ್ಯವಾದರೆ ಆ ಪ್ರಯೋಗಕ್ಕೆಂದೇ ಒಂದು ಮೊತ್ತವನ್ನು ಬೇರೆ ತೆಗೆದಿಟ್ಟು, ಅದು ಖಾಲಿಯಾದರೆ ಮುಖ್ಯ ಬ್ಯಾಂಕ್‌ರೋಲ್‌ಗೆ ಕೈಹಾಕದೆ ಹಿಂತಿರುಗಿ. ಸಣ್ಣ ಪಣದ ಆಟ ತಮಗೆ ತಕ್ಕುದಲ್ಲ ಎಂದು ಕೆಲವರು ಮುಖ ತಿರುಗಿಸುತ್ತಾರೆ. ಹೊಸ ಆಟದಲ್ಲೂ ಹಳೆಯ ಪಣವೇ ಇದ್ದರೆ ಮಾತ್ರ ರುಚಿಸುತ್ತದೆ ಎನ್ನುವವರಿಗೆ ಬೇಕಾಗಿರುವುದು ಹೊಸ ಆಟವಲ್ಲ.

ಪ್ರಶ್ನೆ: ಓಮಹಾಕ್ಕೆ ಬದಲಿಸಿ 10,000 ಹ್ಯಾಂಡ್‌ಗಳಾದವು. ನೂರು ಹ್ಯಾಂಡ್‌ಗೆ 12 ಬಿಗ್ ಬ್ಲೈಂಡ್‌ಗಳಂತೆ ಗೆಲ್ಲುತ್ತಿದ್ದೇನೆ. ಹೋಲ್ಡೆಮ್‌ನಲ್ಲಿ ಎಂದೂ 4 ದಾಟಿರಲಿಲ್ಲ. ಉತ್ಸಾಹ ತಾನಾಗಿಯೇ ಉಕ್ಕುತ್ತಿದೆ. ಹೋಲ್ಡೆಮ್ ಪೂರ್ತಿ ಬಿಟ್ಟುಬಿಡಲೇ?

ಉತ್ತರ: ಉತ್ಸಾಹ ಇರಲಿ, ತೀರ್ಮಾನ ಸದ್ಯಕ್ಕೆ ಬೇಡ. ಓಮಹಾದ ಏರಿಳಿತವನ್ನು ಅಳೆಯುವ ಪ್ರಮಾಣಿತ ವಿಚಲನೆ ನೂರು ಹ್ಯಾಂಡ್‌ಗಳಿಗೆ ಸುಮಾರು 140 ಬಿಗ್ ಬ್ಲೈಂಡ್‌ಗಳು ಎಂದು ಇಟ್ಟುಕೊಳ್ಳೋಣ. 10,000 ಹ್ಯಾಂಡ್‌ಗಳೆಂದರೆ ನೂರರ ನೂರು ಕಂತುಗಳು. ನೂರರ ವರ್ಗಮೂಲ ಹತ್ತು. 140ನ್ನು ಹತ್ತರಿಂದ ಭಾಗಿಸಿದರೆ 14, ಅದರ ಎರಡು ಪಟ್ಟು 28. ಅಂದರೆ ನಿಮ್ಮ ನಿಜವಾದ ದರ ಈಗ ಕಾಣುತ್ತಿರುವ 12ರಿಂದ ಆಚೀಚೆ 28ರಷ್ಟು ದೂರದಲ್ಲಿ ಎಲ್ಲಿ ಬೇಕಾದರೂ ಇರಬಹುದು. ನೂರಕ್ಕೆ 16 ಬಿಗ್ ಬ್ಲೈಂಡ್‌ಗಳಂತೆ ಸೋಲುವ ಆಟಗಾರರೂ ಇಷ್ಟು ಹ್ಯಾಂಡ್‌ಗಳಲ್ಲಿ, ಅದೃಷ್ಟ ಚೆನ್ನಾಗಿದ್ದರೆ, ನಿಮ್ಮ ಫಲಿತಾಂಶವನ್ನೇ ಕಾಣಬಹುದು. ಹೋಲ್ಡೆಮ್‌ನ ಏರಿಳಿತ ಕಡಿಮೆ, ಸುಮಾರು 90ರಷ್ಟು. ಅಲ್ಲೂ ಇಷ್ಟೇ ಹ್ಯಾಂಡ್‌ಗಳಿಗೆ ಆಚೀಚೆ 18ರಷ್ಟು ಅನಿಶ್ಚಿತತೆ ಉಳಿಯುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಉತ್ಸಾಹ ಓಮಹಾದಿಂದ ಬಂದದ್ದೇ, ಗೆಲುವಿನಿಂದ ಬಂದದ್ದೇ? ತಿಳಿಯಲು ಒಂದು ದಾರಿಯಿದೆ. ಸೋತ ದಿನ ಆಟ ಮುಗಿದ ಮೇಲೆ ದೊಡ್ಡ ಪಾಟ್‌ಗಳನ್ನು ಮತ್ತೆ ತೆರೆದು ನೋಡಬೇಕೆನ್ನಿಸುತ್ತದೆಯೇ ಎಂದು ಗಮನಿಸಿ. ಅನ್ನಿಸಿದರೆ ಆಟ ನಿಮ್ಮನ್ನು ಹಿಡಿದಿದೆ. ಅನ್ನಿಸದಿದ್ದರೆ ಮೊದಲ ದೊಡ್ಡ ಇಳಿಜಾರಿನಲ್ಲಿ ಈ ಉತ್ಸಾಹವೂ ಜಾರಿಹೋಗುತ್ತದೆ, ಆಗ ನೀವು ಮೂರನೆಯ ಮಾದರಿಯೊಂದನ್ನು ಹುಡುಕುತ್ತಿರುತ್ತೀರಿ.

ಪ್ರಶ್ನೆ: ಹೋಲ್ಡೆಮ್ ಅನ್ನು ಕಂಪ್ಯೂಟರ್‌ಗಳು ಪೂರ್ತಿ ಬಿಡಿಸಿಬಿಟ್ಟಿವೆ ಎನ್ನುತ್ತಾರೆ. ಬಿಡಿಸಿದ ಲೆಕ್ಕವನ್ನು ಮತ್ತೆ ಬಿಡಿಸುವುದರಲ್ಲಿ ಏನು ಸ್ವಾರಸ್ಯ?

ಉತ್ತರ: ಪೂರ್ತಿ ಬಿಡಿಸಿಲ್ಲ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ ಬಹುಮಟ್ಟಿಗೆ ಬಿಡಿಸಿದ್ದು ಇಬ್ಬರು ಆಡುವ, ಬೆಟ್‌ನ ಮೊತ್ತ ನಿಗದಿಯಾಗಿರುವ ಲಿಮಿಟ್ ಹೋಲ್ಡೆಮ್ ಅನ್ನು ಮಾತ್ರ. 2019ರಲ್ಲಿ ‘ಪ್ಲುರಿಬಸ್’ ಎಂಬ ಕಾರ್ಯಕ್ರಮ ಆರು ಮಂದಿಯ ನೋ-ಲಿಮಿಟ್ ಆಟದಲ್ಲಿ ವೃತ್ತಿಪರರನ್ನು ಸೋಲಿಸಿತಾದರೂ ಸೋಲಿಸುವುದು ಬೇರೆ, ಬಿಡಿಸುವುದು ಬೇರೆ. ಇನ್ನು ಸ್ವಾರಸ್ಯದ ಮಾತು: ನಿಮ್ಮ ಟೇಬಲ್‌ನಲ್ಲಿ ಕುಳಿತ ಐವರಲ್ಲಿ ಯಾರೂ ಕಂಪ್ಯೂಟರ್‌ನಂತೆ ಆಡುವುದಿಲ್ಲ. ಯಾರು ಎಲ್ಲಿ ಹೆಚ್ಚು ಫೋಲ್ಡ್ ಮಾಡುತ್ತಾರೆ, ಯಾರು ಎಲ್ಲಿ ಬಿಡದೆ ಕಾಲ್ ಮಾಡುತ್ತಾರೆ ಎಂಬುದನ್ನು ಯಾವ ಕೋಷ್ಟಕವೂ ಹೇಳುವುದಿಲ್ಲ. ಕೋಷ್ಟಕಗಳನ್ನು ಬಾಯಿಪಾಠ ಮಾಡಿ ಬೇಸತ್ತವರು ಮಾದರಿ ಬದಲಿಸುವ ಮೊದಲು ಒಂದೇ ಒಂದು ಟೇಬಲ್ ತೆರೆದು, ಎದುರಾಳಿಗಳ ಬಗ್ಗೆ ಟಿಪ್ಪಣಿ ಬರೆದುಕೊಳ್ಳುತ್ತ ಆಡಿ ನೋಡಲಿ.

ಪ್ರಶ್ನೆ: ಹಲವು ಆಟಗಳು ಸರದಿಯಂತೆ ಬರುವ ಹಾರ್ಸ್, ಎಂಟು ಆಟಗಳ ಮಿಶ್ರಣ ಮೊದಲಾದವುಗಳ ಬಗ್ಗೆ ಕೇಳಿದ್ದೇನೆ. ಬೇಸರಕ್ಕೆ ಇವೇ ಅತ್ಯುತ್ತಮವಲ್ಲವೇ? ಹೊಸಬರು ಹೇಗೆ ಪ್ರವೇಶಿಸಬೇಕು?

ಉತ್ತರ: ತಿಳಿದುಬಿಟ್ಟ ಬೇಸರಕ್ಕೆ ಇವುಗಳನ್ನು ಮೀರಿಸುವುದು ಇಲ್ಲವೆಂದೇ ನನ್ನ ಅಭಿಪ್ರಾಯ. ಹಾರ್ಸ್‌ನಲ್ಲಿ ಐದು ಆಟಗಳು: ಹೋಲ್ಡೆಮ್, ಓಮಹಾ ಹೈ-ಲೋ, ರಾಝ್, ಏಳೆಲೆಯ ಸ್ಟಡ್ ಮತ್ತು ಅದರದೇ ಹೈ-ಲೋ ರೂಪ. ಐದೂ ನಿಗದಿತ ಬೆಟ್‌ನವು. ಎಂಟರ ಮಿಶ್ರಣದಲ್ಲಿ ಇವುಗಳ ಜೊತೆಗೆ ನೋ-ಲಿಮಿಟ್ ಹೋಲ್ಡೆಮ್, ಪಾಟ್-ಲಿಮಿಟ್ ಓಮಹಾ ಹಾಗೂ ಎರಡು-ಏಳು ಟ್ರಿಪಲ್ ಡ್ರಾ ಸೇರುತ್ತವೆ. ಕೆಲವು ಹ್ಯಾಂಡ್‌ಗಳಿಗೊಮ್ಮೆ ಆಟ ಬದಲಾಗುತ್ತದೆ. ಬದಲಾದದ್ದನ್ನು ಗಮನಿಸದೆ, ಕೆಳಗಿನ ಕೈ ಗೆಲ್ಲುವ ರಾಝ್‌ನಲ್ಲಿ ಎಕ್ಕದ ಜೋಡಿಯನ್ನು ಹಿಡಿದು ರೈಸ್ ಮಾಡುವವರು (ಪಣ ಏರಿಸುವವರು) ಆನ್‌ಲೈನ್‌ನಲ್ಲಿ ಪ್ರತಿದಿನ ಸಿಗುತ್ತಾರೆ.

ಹೋಲ್ಡೆಮ್‌ನವರಿಗೆ ಇವುಗಳಲ್ಲಿ ಅತಿ ಹೆಚ್ಚು ಹೊಸತೆನಿಸುವುದು ಸ್ಟಡ್ ಕುಟುಂಬ. ಟೇಬಲ್ ಮಧ್ಯೆ ಎಲ್ಲರಿಗೂ ಸೇರಿದ ಎಲೆಗಳಿಲ್ಲ. ಪ್ರತಿಯೊಬ್ಬರಿಗೂ ಏಳು ಎಲೆಗಳು, ನಾಲ್ಕು ತೆರೆದು, ಮೂರು ಮುಚ್ಚಿ. ಎಂಟು ಮಂದಿ ಕೊನೆಯವರೆಗೂ ಉಳಿದರೆ 56 ಎಲೆಗಳು ಬೇಕು, ಕಟ್ಟಿನಲ್ಲಿರುವುದು 52. ಆದರೂ ಆಟ ಸಾಗುವುದು ಜನ ನಡುವೆ ಬಿಡುತ್ತಾರೆಂಬ ನಂಬಿಕೆಯ ಮೇಲೆ. ಹಾಗೆ ಬಿಟ್ಟವರ ತೆರೆದ ಎಲೆಗಳು ಕಣ್ಣಿಂದ ಮರೆಯಾಗುತ್ತವೆ, ನೀವು ಮಾತ್ರ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಿಮಗೆ ಬೇಕಾದ ಆಠೀನು ಎಲೆಗಳಲ್ಲಿ ನಾಲ್ಕು ಈಗಾಗಲೇ ಹೊರಬಿದ್ದಿದ್ದರೆ ನಿಮ್ಮ ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಸೆ ಬಡವಾಯಿತು. ಅಂದರೆ ಫೋಲ್ಡ್ ಮಾಡಿದ ಹ್ಯಾಂಡ್‌ನಲ್ಲೂ ಕಣ್ಣಿಗೆ ಕೆಲಸವಿರುತ್ತದೆ, ಫೋನ್ ಕೈಗೆತ್ತಿಕೊಳ್ಳುವ ಆಸೆಯೇ ಹುಟ್ಟುವುದಿಲ್ಲ. ರಾಝ್ ಇದೇ ಸ್ಟಡ್‌ನ ತಲೆಕೆಳಗಾದ ರೂಪ: ಅತಿ ಕೆಳಗಿನ ಕೈ ಗೆಲ್ಲುತ್ತದೆ, ಎಕ್ಕದಿಂದ ಐದರವರೆಗಿನ ಸಾಲು ಅತ್ಯುತ್ತಮ. ಟ್ರಿಪಲ್ ಡ್ರಾದಲ್ಲೂ ಕೆಳಗಿನ ಕೈಯೇ ಗೆಲ್ಲುತ್ತದೆ, ಆದರೆ ಅಲ್ಲಿ ಎಕ್ಕ ಮೇಲಿನ ಎಲೆ, ಸಾಲು ಮತ್ತು ಫ್ಲಶ್ ಕೈಯನ್ನು ಕೆಡಿಸುತ್ತವೆ, ಆದ್ದರಿಂದ ಎರಡು-ಮೂರು-ನಾಲ್ಕು-ಐದು-ಏಳು ಅತ್ಯುತ್ತಮ.

ಹೊಸಬರು ನೇರವಾಗಿ ಮಿಶ್ರಣಕ್ಕೆ ಧುಮುಕಬಾರದು. ಮೊದಲು ಸ್ಟಡ್ ಒಂದನ್ನೇ ಅತಿ ಸಣ್ಣ ಪಣದಲ್ಲಿ ಆಡಿ, ನಂತರ ರಾಝ್, ನಂತರ ಓಮಹಾ ಹೈ-ಲೋ ಎಂದು ಒಂದೊಂದನ್ನೇ ಸೇರಿಸುತ್ತ ಹೋಗಬೇಕು. ಓಮಹಾ ಹೈ-ಲೋದಲ್ಲಿ ಪಾಟ್‌ನ ಅರ್ಧ ಮೇಲಿನ ಕೈಗೆ, ಇನ್ನರ್ಧ ಎಂಟು ಅಥವಾ ಅದಕ್ಕೂ ಕೆಳಗಿನ ಕೈಗೆ ಹೋಗುತ್ತದೆ. ಹೊಸಬರು ಅರ್ಧಕ್ಕಾಗಿ ಹೋರಾಡಿ, ಆ ಅರ್ಧವನ್ನೂ ಮತ್ತೊಬ್ಬರ ಜೊತೆ ಹಂಚಿಕೊಂಡು ಕಾಲು ಭಾಗಕ್ಕೆ ಬಂದು ನಿಲ್ಲುತ್ತಾರೆ. ಎರಡೂ ಕಡೆ ಗೆಲ್ಲಬಲ್ಲ ಎಲೆಗಳನ್ನು ಮಾತ್ರ ಆಡುವುದು ಅದರ ಮೊದಲ ಪಾಠ.

ತೊಡಕೂ ಇದೆ. ಈ ಟೇಬಲ್‌ಗಳಿಗೆ ಜನ ಕಡಿಮೆ, ಸಣ್ಣ ಪಣಗಳಲ್ಲಂತೂ ಕೆಲವು ಹೊತ್ತಿನಲ್ಲಿ ಒಂದೂ ತೆರೆದಿರುವುದಿಲ್ಲ. ಆದರೂ ಪೋಕರ್ ಲೋಕ ಈ ಬಹುಮುಖ ಕೌಶಲಕ್ಕೆ ಕೊಡುವ ಮರ್ಯಾದೆ ದೊಡ್ಡದು. 2006ರಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ 50,000 ಡಾಲರ್ ಬೈ-ಇನ್‌ನ ಹಾರ್ಸ್ ಪಂದ್ಯ ಆರಂಭವಾದಾಗ ಅದನ್ನು ಗೆದ್ದವರು ಚಿಪ್ ರೀಸ್. ಅವರು 2007ರಲ್ಲಿ ತೀರಿಕೊಂಡ ಮೇಲೆ ಅದರ ಟ್ರೋಫಿಗೆ ಅವರ ಹೆಸರನ್ನೇ ಇಡಲಾಯಿತು, 2010ರಲ್ಲಿ ಪಂದ್ಯ ಎಂಟು ಆಟಗಳ ಮಿಶ್ರಣವಾಯಿತು. ಮೈಕಲ್ ಮಿಜ್ರಾಚಿ ಅದನ್ನು 2010, 2012, 2018 ಮತ್ತು 2025ರಲ್ಲಿ ಗೆದ್ದರು. 2025ರಲ್ಲಿ ಅದರ ಬೆನ್ನಿಗೇ ಹೋಲ್ಡೆಮ್‌ನ ಮುಖ್ಯ ಪಂದ್ಯವನ್ನೂ ಗೆದ್ದರು. ಹಲವು ಆಟಗಳನ್ನು ಆಡುವವರ ಹೋಲ್ಡೆಮ್ ಮೊಂಡಾಗುತ್ತದೆ ಎನ್ನುವವರಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ.

ಪ್ರಶ್ನೆ: ಲಿಮಿಟ್ ಆಟಗಳನ್ನು ಆಡಿ ಹೋಲ್ಡೆಮ್‌ಗೆ ಮರಳಿದರೆ ಸೋಲುತ್ತಿದ್ದೇನೆ. ರಿವರ್‌ನಲ್ಲಿ (ಕೊನೆಯ ಎಲೆ ಬಿದ್ದಾಗ) ಕೈ ತಾನಾಗಿ ಕಾಲ್ ಒತ್ತುತ್ತದೆ.

ಉತ್ತರ: ಒತ್ತದೇ ಇದ್ದರೆ ಆಶ್ಚರ್ಯವಾಗುತ್ತಿತ್ತು. ನಿಗದಿತ ಬೆಟ್‌ನ ಆಟದಲ್ಲಿ ಎದುರಾಳಿಯ ಬೆಟ್ ಸೇರಿ ಪಾಟ್‌ನಲ್ಲಿ 9 ಬೆಟ್‌ಗಳಿದ್ದು ನೀವು 1 ಕೊಟ್ಟು ನೋಡುವುದಾದರೆ ಹತ್ತರಲ್ಲಿ ಒಮ್ಮೆ ಗೆದ್ದರೂ ಅಸಲು ಬಂತು. ಅಲ್ಲಿ ಕಾಲ್ ಮಾಡುವುದೇ ಸರಿ. ನೋ-ಲಿಮಿಟ್‌ನಲ್ಲಿ ಎದುರಾಳಿ ಪಾಟ್‌ನಷ್ಟು ಬೆಟ್ ಮಾಡಿದರೆ ಮೂರರಲ್ಲಿ ಒಮ್ಮೆ ಗೆಲ್ಲಲೇಬೇಕು. ಓಮಹಾದಿಂದ ಬಂದವರಿಗೆ ಬೇರೆ ತೊಂದರೆ: ಅಲ್ಲಿ ಎರಡು ಜೋಡಿ ಬಡ ಕೈ, ಇಲ್ಲಿ ಅದೇ ಬಲವಾದದ್ದು, ಆದರೂ ಹೆದರಿ ಸಣ್ಣ ಬೆಟ್ ಮಾಡುತ್ತಾರೆ. ಮರಳಿದ ಮೊದಲ ದಿನ ಒಂದೇ ಟೇಬಲ್ ತೆರೆಯಿರಿ, ಪ್ರತಿ ರಿವರ್ ಕಾಲ್‌ಗೆ ಮೊದಲು ಬೇಕಾದ ಶೇಕಡಾವಾರನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ. ಒಂದೇ ಕೂಟದಲ್ಲಿ ಎರಡೂ ಬಗೆಯನ್ನು ಅಕ್ಕಪಕ್ಕ ತೆರೆದಿಡುವ ಅಭ್ಯಾಸ ಇದ್ದರೆ ಬಿಡಿ.

ಪ್ರಶ್ನೆ: ದಿನಕ್ಕೊಂದು ಮಾದರಿ ಎಂದು ವೇಳಾಪಟ್ಟಿ ಮಾಡಿಕೊಂಡರೆ ಹೇಗೆ?

ಉತ್ತರ: ದಿನಕ್ಕೊಂದು ಎಂದರೆ ಯಾವುದೂ ಕೈಗೆ ಹತ್ತುವುದಿಲ್ಲ. ಒಂದು ಮುಖ್ಯ ಮಾದರಿ, ಅದರ ಪಕ್ಕಕ್ಕೆ ಒಂದೇ ಒಂದು ಉಪಮಾದರಿ, ಅದನ್ನೂ ಕೆಲವು ವಾರ ಬಿಡದೆ ಆಡುವುದು ಲೇಸು. ಯಾವ ಸಂಜೆ ಯಾವುದೆಂದು ಕೂರುವ ಮೊದಲೇ ನಿಶ್ಚಯಿಸಿ. ಕುಳಿತ ಮೇಲೆ, ಅದರಲ್ಲೂ ಒಂದು ದೊಡ್ಡ ಪಾಟ್ ಕಳೆದುಕೊಂಡ ಮೇಲೆ, ‘ಇವತ್ತು ಇದು ಬೇಡ, ಅದು ಆಡೋಣ’ ಎನ್ನಿಸುವುದು ಬೇಸರವಲ್ಲ, ಟಿಲ್ಟ್, ಅಂದರೆ ಸೋಲಿನ ಸಿಟ್ಟಿನಲ್ಲಿ ಹಿಡಿತ ತಪ್ಪುವುದು.

ಪ್ರಶ್ನೆ: ಟೂರ್ನಮೆಂಟ್ ಇಷ್ಟ, ಆದರೆ ನಿದ್ದೆ ಹಾಳಾಗುತ್ತದೆ, ಬಹುಮಾನವೂ ಅಪರೂಪ. ನಡುವಿನ ದಾರಿ ಇದೆಯೇ?

ಉತ್ತರ: ಆರು ಅಥವಾ ಒಂಬತ್ತು ಮಂದಿಯ ಸಿಟ್-ಅಂಡ್-ಗೋ ಇದೆ; ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ದೊಡ್ಡ ಟೂರ್ನಮೆಂಟ್‌ಗಳಲ್ಲಿ ಬಹುಮಾನ ಸಿಗುವುದು ಸಾಮಾನ್ಯವಾಗಿ ಮೇಲಿನ ಶೇ. 15ರೊಳಗಿನವರಿಗೆ, ಬರಿಗೈಯಲ್ಲಿ ಏಳುವುದೇ ಅಲ್ಲಿನ ನಿತ್ಯದ ಅನುಭವ. ಬೌಂಟಿ ಮಾದರಿ ಈ ಒಣ ಕಾಲವನ್ನು ಸ್ವಲ್ಪ ತಂಪಾಗಿಸುತ್ತದೆ. ಪ್ರೋಗ್ರೆಸಿವ್ ನಾಕೌಟ್‌ನಲ್ಲಿ ಬೈ-ಇನ್‌ನ ಸುಮಾರು ಅರ್ಧ ಪ್ರತಿಯೊಬ್ಬರ ತಲೆಯ ಮೇಲಿನ ಬೆಲೆಯಾಗುತ್ತದೆ. ನೀವು ಒಬ್ಬರನ್ನು ಹೊರಗೆ ಕಳಿಸಿದರೆ ಅವರ ಬೆಲೆಯ ಅರ್ಧ ಆಗಲೇ ನಿಮ್ಮ ಖಾತೆಗೆ, ಉಳಿದರ್ಧ ನಿಮ್ಮ ತಲೆಯ ಬೆಲೆಗೆ ಸೇರುತ್ತದೆ. ನಿಮಗಿಂತ ಕಡಿಮೆ ಚಿಪ್ ಇರುವವರು ಎಲ್ಲವನ್ನೂ ನೂಕಿದಾಗ ಅವರ ಬೆಲೆಯನ್ನೂ ಪಾಟ್‌ಗೆ ಸೇರಿಸಿ ಲೆಕ್ಕ ಹಾಕಬೇಕಾದ್ದರಿಂದ ಯೋಚನೆಗೂ ಹೊಸ ಕೆಲಸ.

ಪ್ರಶ್ನೆ: ನನ್ನ ತಮ್ಮ ಆನ್‌ಲೈನ್ ಪೋಕರ್ ಆಡುತ್ತಾನೆ. ಒಂದು ಮಾದರಿ ಬೇಸರವಾಯಿತೆಂದು ಇನ್ನೊಂದಕ್ಕೆ ಹೋಗುತ್ತಾನೆ, ಪ್ರತಿ ಸಲವೂ ಹೋಗುವುದು ಹೆಚ್ಚು ವೇಗದ, ಹೆಚ್ಚು ಪಣದ ಆಟಕ್ಕೆ. ಆಡದ ದಿನ ಸಿಡಿಮಿಡಿಗೊಳ್ಳುತ್ತಾನೆ, ಎಷ್ಟು ಕಳೆದನೆಂದು ಸರಿಯಾಗಿ ಹೇಳುವುದಿಲ್ಲ. ಅವನಿಗೆ ಯಾವ ಮಾದರಿ ಸೂಚಿಸಬೇಕು?

ಉತ್ತರ: ಯಾವುದನ್ನೂ ಸೂಚಿಸಬೇಡಿ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಜೂಜಿನ ಕಾಯಿಲೆಯನ್ನು ವ್ಯಸನಗಳ ಸಾಲಿಗೆ ಸೇರಿಸಿ, ಅದಕ್ಕೆ ಒಂಬತ್ತು ಲಕ್ಷಣಗಳನ್ನು ಪಟ್ಟಿ ಮಾಡಿದೆ. ಒಂದು ವರ್ಷದೊಳಗೆ ನಾಲ್ಕು ಅಥವಾ ಹೆಚ್ಚು ಕಂಡುಬಂದರೆ ರೋಗನಿರ್ಣಯಕ್ಕೆ ಆಧಾರವಾಗುತ್ತದೆ. ಅದೇ ಉತ್ಸಾಹಕ್ಕಾಗಿ ಹೆಚ್ಚು ಹೆಚ್ಚು ಹಣ ಹೂಡಬೇಕಾಗುವುದು, ಕಡಿಮೆ ಮಾಡಲು ಹೋದಾಗ ಚಡಪಡಿಸುವುದು, ಆಟದ ಪ್ರಮಾಣವನ್ನು ಮುಚ್ಚಿಡಲು ಸುಳ್ಳು ಹೇಳುವುದು, ಕಳೆದದ್ದನ್ನು ಮರಳಿ ಪಡೆಯಲು ಮರುದಿನವೇ ಕೂರುವುದು, ಇವೆಲ್ಲ ಆ ಪಟ್ಟಿಯಲ್ಲಿವೆ. ನೀವು ಬರೆದ ಮೂರು ಸಂಗತಿಗಳು ಅವುಗಳಿಗೆ ತೀರ ಹತ್ತಿರ. ನಿರ್ಣಯ ನನ್ನದಲ್ಲ, ನಿಮ್ಮದೂ ಅಲ್ಲ. ವ್ಯಸನ ಚಿಕಿತ್ಸೆಯ ಅನುಭವವಿರುವ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಅವರು ಕಾಣುವಂತೆ ಮಾಡಿ. ಹೆಚ್ಚಿನ ಅಧಿಕೃತ ಆಟದ ಕಂಪನಿಗಳು ಹಣ ತುಂಬಲು ಮಿತಿ ಹಾಕಿಕೊಳ್ಳುವ, ನಿರ್ದಿಷ್ಟ ಅವಧಿಗೆ ಖಾತೆಯನ್ನು ತಾವಾಗಿಯೇ ಮುಚ್ಚಿಸಿಕೊಳ್ಳುವ ಸೌಲಭ್ಯ ಇಟ್ಟಿರುತ್ತವೆ. ತಮ್ಮ ಒಪ್ಪಿದರೆ ಅದನ್ನು ಇಂದೇ ಬಳಸಲಿ. ಅವರ ಸಾಲವನ್ನು ನೀವು ಗುಟ್ಟಾಗಿ ತೀರಿಸಲು ಹೋಗಬೇಡಿ.

ಪ್ರಶ್ನೆ: ಶಾರ್ಟ್ ಡೆಕ್ ಆಡತೊಡಗಿದೆ, ಮಜವಾಗಿದೆ. ಆದರೆ ಫುಲ್ ಹೌಸ್ (ಒಂದೇ ಬಗೆಯ ಮೂರು ಎಲೆ, ಜೊತೆಗೆ ಒಂದು ಜೋಡಿ) ಇಟ್ಟುಕೊಂಡು ಫ್ಲಶ್‌ಗೆ ಸೋತೆ. ಇದು ಸರಿಯೇ?

ಉತ್ತರ: ಸರಿಯೇ. ಎರಡರಿಂದ ಐದರವರೆಗಿನ ಎಲೆಗಳನ್ನು ತೆಗೆದ 36 ಎಲೆಗಳ ಕಟ್ಟಿನಲ್ಲಿ ಒಂದು ಜಾತಿಗೆ ಒಂಬತ್ತೇ ಎಲೆಗಳು ಉಳಿಯುವುದರಿಂದ ಫ್ಲಶ್ ಆಗುವುದು ಫುಲ್ ಹೌಸ್‌ಗಿಂತ ಕಷ್ಟ, ಹಾಗಾಗಿ ಅದೇ ಮೇಲು. ಎಕ್ಕದ ಜೋಡಿ ಕೈಗೆ ಬರುವ ಸಾಧ್ಯತೆ 221ರಲ್ಲಿ ಒಂದರಿಂದ 105ರಲ್ಲಿ ಒಂದಕ್ಕೆ ಏರುತ್ತದೆ. ಮಜಕ್ಕೆ ಇದೂ ಒಂದು ಕಾರಣವಿರಬೇಕು. ಎಕ್ಕ-ಆರು-ಏಳು-ಎಂಟು-ಒಂಬತ್ತು ಅತಿ ಕೆಳಗಿನ ಸಾಲು. ಮೂರು ಒಂದೇ ಬಗೆಯ ಎಲೆಗಳು ಸಾಲನ್ನು ಮೀರಿಸುತ್ತವೆಯೇ ಎಂಬುದು ಮಾತ್ರ ಎಲ್ಲ ಕಡೆ ಒಂದೇ ರೀತಿ ಇಲ್ಲ; ಕೆಲವೆಡೆ ಮೀರಿಸುತ್ತವೆ, ಕೆಲವೆಡೆ ಇಲ್ಲ. ಕೂರುವ ಮೊದಲು ಆ ಟೇಬಲ್‌ನ ನಿಯಮವನ್ನು ತೆರೆದು ಓದಿಕೊಳ್ಳಿ.